ಬದುಕಿದವರ ಪಟ್ಟಿ

ಸೀನು ಬಂತು, ಒಂದು, ಎರಡು, ಮೂರನೆಯದು ಮೂಗಿನ ತುದಿಗೆ ಬಂದು ನಿಂತು ಕಣ್ಣಲ್ಲಿ ನೀರು ತರಿಸಿ ಹಾಗೇ ಹಿಂದಕ್ಕೆ ಹೋಯಿತು, ಅಕ್ಕ ಬಂದಳೆಂದರೆ ಹೀಗೇ, ಎಷ್ಟೇ ಒಗೆದ ಸೀರೆ ಉಟ್ಟು ಬರಲಿ ಬ್ಯಾಡಗಿ ಮೆಣಸಿನಕಾಯಿಯ ಘಾಟು ಅವಳಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತದೆ, ಇಪ್ಪತ್ತು ವರ್ಷ ಗೋದಾಮಿನಲ್ಲಿ ಕೂತು ಕಾಯಿಯ ತೊಟ್ಟು ಮುರಿದ ಮೈ ಅದು, ರಾಣೆಬೆನ್ನೂರಿನ ಈ ಸ್ಕ್ಯಾನ್ ಸೆಂಟರಿನ ಎಸಿ ಕೋಣೆಗೂ ಅದಕ್ಕೆ ಅಂಜಿಕೆಯಿಲ್ಲ. ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದಾಳೆ ಗಂಗಕ್ಕ, ತೊಡೆಯ ಮೇಲೆ ವೈರಿನ ಚೀಲ, ಅದರೊಳಗೆ ಹುಬ್ಬಳ್ಳಿ ಆಸ್ಪತ್ರೆಯ ಕಾಗದ, ನಾಲ್ಕು ರೊಟ್ಟಿ, ತಮ್ಮನಿಗೆ ಅಂತ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಆ ಹಿಂಡಿಯ ಡಬ್ಬಿ ಕಂಡೊಡನೆ ಮಾಲತೇಶನಿಗೆ ಸಿಟ್ಟು ಬಂದಿತ್ತು, ಇಂಥ ಹೊತ್ತಿನಲ್ಲೂ ಹಿಂಡಿ ಕುಟ್ಟಿಕೊಂಡು ಬರುತ್ತಾಳಲ್ಲ ಎಂದು, ಸಿಟ್ಟು ಅವಳ ಮೇಲಲ್ಲ ಎಂಬುದು ಅವನಿಗೂ ಗೊತ್ತಿದೆ. ಸಿಕ್ಕತೇನೋ ತಮ್ಮಾ, ಬಾಗಿಲು ಸರಿಸಿ ಕೇಳಿದಳು ಆಗಲೇ ಎರಡು ಸಲ, ಹುಡುಕಾಕತ್ತೇನಿ ಅಕ್ಕಾ, ನೀ ಕುಂದ್ರು. ಹುಡುಕುವುದೇನು ಮಣ್ಣು! ಇಲ್ಲದ್ದನ್ನು ಎಷ್ಟು ಹೊತ್ತು ಹುಡುಕಬಹುದು, ಮೌಸ್ ಹಿಡಿದು ಕೂತು ಅರ್ಧ ತಾಸಾಯಿತು, ಹೊರಗೆ ಹೋಗಿ ಹೇಳಬೇಕು, ಏಳದೆ ಮತ್ತೊಮ್ಮೆ ಅದೇ ಹೆಸರು ಒತ್ತುತ್ತಾನೆ.

ಹೋದ ವಾರ ಅವಳ ಸ್ಕ್ಯಾನ್ ಮಾಡಿದವನೂ ಅವನೇ, ಹನ್ನೊಂದು ವರ್ಷದಿಂದ ಇಲ್ಲಿ ಅದೇ ಕೆಲಸ, ಉಸಿರು ಹಿಡೀರಿ, ಬಿಡ್ರಿ, ಮುಗೀತು ಏಳ್ರಿ — ಎರಡು ತಿಂಗಳಿಂದ ಕೆಮ್ಮು ಅಂದದ್ದಕ್ಕೆ ಯಾವುದಕ್ಕೂ ಇರಲಿ ಎಂದು ಮಲಗಿಸಿದ್ದ, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆ ಕಾಳಿನಷ್ಟು ಬಿಳಿ ಚುಕ್ಕೆ, ಒಂಬತ್ತು ಮಿಲಿಮೀಟರ್, ಕಂಡಾಗ ಅವನ ಉಸಿರೇ ಹಿಡಿದುಕೊಂಡಿತ್ತು, ಬಿಡ್ರಿ ಅನ್ನುವುದನ್ನು ಮರೆತು ಅಕ್ಕ ಒಳಗೆ ಪಾಪ ಉಸಿರು ಕಟ್ಟಿ ಮಲಗೇ ಇದ್ದಳು. ನಿನ್ನೆ ಹುಬ್ಬಳ್ಳಿಯ ದೊಡ್ಡ ಡಾಕ್ಟರು ಪರದೆ ನೋಡಿ ಹೇಳಿದ್ದಾದರೂ ಏನು, ಇದು ಹಳೆಯ ಗಾಯದ ಕಲೆ ಇರಬಹುದು, ಕ್ಯಾನ್ಸರಿನ ಗಂಟೂ ಇರಬಹುದು, ಸೂಜಿ ಹಾಕಿ ತೆಗೆಯಲಾಗದಷ್ಟು ಆಳದಲ್ಲಿದೆ, ಎದೆ ತೆರೆದೇ ನೋಡಬೇಕು, ಸೋಮವಾರ ಬನ್ನಿ — ಅಷ್ಟು ಹೇಳಿ ಕನ್ನಡಕ ಸರಿಸಿ, ಆದರೆ ಇವರದು ಎರಡು ಸಾವಿರದ ಇಪ್ಪತ್ತೊಂದರಲ್ಲಿ ಒಂದು ಸಿಟಿ ಸ್ಕ್ಯಾನ್ ಆಗಿದೆಯಲ್ಲ, ಇಲ್ಲೇ ತೋರಿಸುತ್ತಿದೆ, ನಿಮ್ಮ ಸೆಂಟರಿನದೇ, ಅದನ್ನು ತನ್ನಿ, ಅದರಲ್ಲೂ ಈ ಚುಕ್ಕೆ ಇಷ್ಟೇ ದೊಡ್ಡದಿದ್ದರೆ ನಾಲ್ಕು ವರ್ಷದಿಂದ ಸುಮ್ಮನಿದೆ ಅಂತ ಅರ್ಥ, ನಾನು ಮುಟ್ಟುವುದೇ ಇಲ್ಲ, ಮನೆಗೆ ಕರೆದುಕೊಂಡು ಹೋಗಿ. ಅಕ್ಕನ ಮುಖ ಅರಳಿದ್ದನ್ನು ಅವನು ನೋಡಬಾರದಿತ್ತು. ಅಯ್ಯ ಅಷ್ಟ ಏನ್ರಿ, ನಮ್ ತಮ್ಮನ ಕಂಪ್ಯೂಟರ್‌ದಾಗ ಎಲ್ಲಾ ಐತ್ರಿ ಡಾಕ್ಟರ. ವಾಪಸು ಬರುವ ಬಸ್ಸಿನಲ್ಲಿ ಹಾವೇರಿ ದಾಟುವ ತನಕ ಒಂದೇ ಸಮ ಮಾತಾಡಿದಳು, ಕೊಯ್ಯೂದು ಬ್ಯಾಡಪ್ಪ, ಎದಿ ಕೊಯ್ದಮ್ಯಾಲೆ ಗೋದಾಮಿನ ಧೂಳಿನಾಗ ಕುಂದ್ರಾಕ ಆಗ್ತೈತೇನು, ಮೋಟೆಬೆನ್ನೂರಿನ ನಿಂಗವ್ವ ಹಂಗ ಹೋದಾಕಿ ತಿರಗಿ ಬರಲಿಲ್ಲ, ನಿನ್ ಕಡೆ ಫೋಟೋ ಐತಿ ಅಂದ್ರ ನಂದೇನು ಚಿಂತಿ. ಅವನು ಕಿಟಕಿಯ ಸರಳು ಹಿಡಿದು ಹೂಂ ಅಂದ, ಹೂಂ ಅನ್ನದೆ ಇನ್ನೇನು ಅನ್ನಬೇಕಿತ್ತು.

ಇಪ್ಪತ್ತೊಂದರ ಮೇ ತಿಂಗಳು, ಹೌದು, ಮಾಡಿದ್ದೂ ಅವನೇ, ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು ಇಳಿದು ಬೂಟು ತುಂಬುತ್ತಿದ್ದ ದಿನಗಳು, ಬಾಗಿಲ ಹೊರಗೆ ರಸ್ತೆಯ ತನಕ ಸಾಲು, ಒಬ್ಬರ ಎದೆ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಮಲಗಿರುತ್ತಿದ್ದರು, ಫಿಲ್ಮ್ ಇರಲಿಲ್ಲ, ಎಲ್ಲೂ ಸಿಗುತ್ತಿರಲಿಲ್ಲ, ಕೈಗೆ ಕೊಡುತ್ತಿದ್ದದ್ದು ಒಂದು ಹಾಳೆ, ಅದರಲ್ಲೊಂದು ಅಂಕ, ಕೋವಿಡ್ ಶ್ವಾಸಕೋಶವನ್ನು ಎಷ್ಟು ತಿಂದಿದೆ ಎಂದು ಇಪ್ಪತ್ತೈದಕ್ಕೆ ಇಷ್ಟು, ಜನ ಅದನ್ನೇ ಮಕ್ಕಳ ಮಾರ್ಕಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು, ನಿಂದೆಷ್ಟು ಬಂತು, ನಂದು ಹನ್ನೊಂದು, ನಮ್ಮತ್ತಿದು ಹತ್ತೊಂಬತ್ತು — ಇಲ್ಲಿ ಮಾತ್ರ ಹೆಚ್ಚು ಬಂದವರು ಫೇಲು. ಅಕ್ಕನದು ಏಳು. ಏಳು ಅಷ್ಟ ಅಂತ ಬಾವ ಭರಮಣ್ಣ ಬ್ಯಾಡಗಿಯಿಂದ ಫೋನು ಮಾಡಿ ನಕ್ಕಿದ್ದ. ವರದಿಯ ಕೆಳಗೆ ಎಲ್ಲರಿಗೂ ಒಂದೇ ಸಾಲು, ಉಳಿದಂತೆ ಗಮನಾರ್ಹವಾದುದೇನೂ ಇಲ್ಲ, ದಿನಕ್ಕೆ ನೂರಿಪ್ಪತ್ತು ಎದೆ ಓದುವ ಡಾಕ್ಟರು ಎಲ್ಲೋ ದೂರದ ಊರಲ್ಲಿ ಕೂತು ಆ ಸಾಲನ್ನು ನಕಲು ಮಾಡಿ ಅಂಟಿಸುತ್ತಿದ್ದರು, ಕಡಲೆ ಕಾಳು ನೋಡುವ ವ್ಯವಧಾನ ಯಾರಿಗಿತ್ತು, ಆ ಹಾಳೆ ಈಗಲೂ ಅಕ್ಕನ ಟ್ರಂಕಿನಲ್ಲಿದೆ, ಅದರಿಂದ ಚಿಟಿಕೆ ಉಪಯೋಗವಿಲ್ಲ, ಚುಕ್ಕೆ ಇತ್ತೋ ಇರಲಿಲ್ಲವೋ ಎಂದು ಹೇಳಬಲ್ಲದ್ದು ಚಿತ್ರ ಒಂದೇ. ತಮಾಷೆಯೆಂದರೆ ಅಪ್ಪನ ಸೊಂಟದ ಎಕ್ಸರೇ ಇನ್ನೂ ಇದೆ, ಚಕ್ಕಡಿಯಿಂದ ಬಿದ್ದಾಗ ಹಾವೇರಿಯಲ್ಲಿ ತೆಗೆಸಿದ್ದು, ಅಪ್ಪ ಹೋಗಿ ಹದಿನಾರು ವರ್ಷ, ಆ ಫಿಲ್ಮು ದೇವರ ಮಾಡಿನ ಹಿಂದೆ ಹೊಗೆ ಹಿಡಿದುಕೊಂಡು ಸುಖವಾಗಿದೆ, ಗ್ರಹಣ ನೋಡಲು ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಅದು ತುಂಬಿತು ಜಾಗವಿಲ್ಲ ಅಂತ ಯಾರೂ ಯಾವತ್ತೂ ಅನ್ನಲಿಲ್ಲ.

ತುಂಬಿದ್ದು ಸರ್ವರು, ಚಿತ್ರಗಳನ್ನೆಲ್ಲ ಕೂಡಿಡುವ ಆ ಕಪ್ಪು ಡಬ್ಬಿ, ಇಪ್ಪತ್ತೆರಡರ ಮಳೆಗಾಲದಲ್ಲಿ ದಿನಕ್ಕೆರಡು ಸಲ ಕೆಂಪು ದೀಪ ಹಚ್ಚಿಕೊಂಡು ಕೂಗತೊಡಗಿತ್ತು, ಸೆಂಟರಿನ ಮಾಲೀಕ ಶಶಿಕಾಂತ ಡಾಕ್ಟರಿಗೆ ಹೇಳಿದರೆ, ಹೊಸ ಡಿಸ್ಕ್ ಈಗ ಬ್ಯಾಡ, ಕೋವಿಡ್ ಕಾಲದ್ದು ಸುಮ್ನ ತುಂಬ್ಯಾವಲ್ಲ ಅವನ್ನ ತಗಿ. ಎಲ್ಲಾನೂ ರೀ ಸರ? ಎಲ್ಲಾ ಬ್ಯಾಡೋ, ಸತ್ತೋರ್ದು ಇಡು. ಅದಕ್ಕೊಂದು ಕಾರಣವಿತ್ತು, ಪರಿಹಾರದ ಅರ್ಜಿಗೆ ಸಾಕ್ಷಿ ಬೇಕೆಂದು ಸತ್ತವರ ಮನೆಯವರು ಬರುತ್ತಿದ್ದರು, ಕುಲ್ಸುಮಬಿ ಬಂದಿದ್ದಳು, ಅಕ್ಕನ ಪಕ್ಕದಲ್ಲೇ ಕೂತು ಕಾಯಿ ಬಿಡಿಸುವವಳು, ಗಂಡ ರಹಿಮಾನಸಾಬ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದ ಗಟ್ಟಿ ಆಳು, ಅಂಕ ಇಪ್ಪತ್ಮೂರು, ಆಮೇಲೆ ನಾಲ್ಕೇ ದಿನ. ಅವನ ಎದೆಯ ಚಿತ್ರ ಸಿಡಿಗೆ ಹಾಕಿ ಕೊಟ್ಟಾಗ ಅವಳು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದಳು. ಸತ್ತವರು ಯಾರ್‍ಯಾರೆಂದು ಸೆಂಟರಿಗೆ ಹೇಗೆ ಗೊತ್ತಾಗಬೇಕು, ಹಾಗಾಗಿ ಅಂಕ ಹದಿನೆಂಟು ದಾಟಿದವರದು ಇಡು, ಮನೆಯವರು ಕೇಳಿಕೊಂಡು ಬಂದವರದು ಇಡು, ಉಳಿದದ್ದು ಕಸ, ಬದುಕಿದವರು ಯಾರಾದರೂ ಬಂದು ನಮ್ಮ ಎದೆ ಕೊಡಿ ಅಂತ ಕೇಳಿದ್ದಿದೆಯೇ, ಒಬ್ಬರೂ ಇಲ್ಲ, ಬದುಕಿದವರು ಈ ಬಾಗಿಲ ಕಡೆ ತಿರುಗಿ ನೋಡದೆ ಓಡಿಹೋಗಿದ್ದರು. ಮೂರು ದಿನ ಕೂತು ಪಟ್ಟಿ ಮಾಡಿದ, ಸಾವಿರಾರು ಸಾಲು, ಗುರುತು ಹಾಕಿದ ಸಾಲು ನೀಲಿಯಾಗುತ್ತಿತ್ತು, ನೀಲಿ, ನೀಲಿ, ಮಧ್ಯೆ ಎಲ್ಲೋ ಒಂದು ಸಾಲು — ಅದು ಬೇಡ ಈಗ, ಅದನ್ನು ಬಿಡು. ಆ ಕಾಲದವರಲ್ಲಿ ಸರ್ವರಿನಲ್ಲಿ ಈಗ ಉಳಿದವರು ಹೆಚ್ಚುಕಮ್ಮಿ ಎಲ್ಲ ಮಣ್ಣಲ್ಲಿರುವವರು, ಸೆಂಟರಿನವರು ಅಷ್ಟು ಜೋಪಾನವಾಗಿ ಕಾಯ್ದಿಟ್ಟಿದ್ದಾರೆ.

ಇಷ್ಟೇ ಆಗಿದ್ದರೆ ಇಲ್ಲ ಅಂದರೆ ಮುಗಿಯುತ್ತಿತ್ತು, ಆದರೆ ಇದೆ ಎಂದು ತೋರಿಸುತ್ತಿದೆಯಲ್ಲ, ಅದನ್ನು ತೋರಿಸುವಂತೆ ಮಾಡಿದವನೂ ಇವನೇ. ಎರಡು ವರ್ಷದ ಹಿಂದೆ ಸರ್ಕಾರದಿಂದ ಎಲ್ಲರಿಗೂ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆ ಬಂತು, ಯಾವ ಊರಲ್ಲಿ ತೋರಿಸಿಕೊಂಡರೂ ಎಲ್ಲ ಊರಿನ ಡಾಕ್ಟರಿಗೂ ಕಾಣಬೇಕು, ನಿಮ್ಮಲ್ಲಿರುವ ಹಳೆಯ ದಾಖಲೆಗಳನ್ನೂ ಜೋಡಿಸಿ ಅಂದರು, ಎಷ್ಟು ಜೋಡಿಸಿದರೆ ಸೆಂಟರಿಗೆ ಅಷ್ಟು ಹೆಸರು, ಶಶಿಕಾಂತ ಡಾಕ್ಟರು ಹಳೇ ರಜಿಸ್ಟರ್ ಕೈಗೆ ಕೊಟ್ಟು ಎಲ್ಲಾ ಏರಸು ಅಂದರು, ಸರ, ಇವುಗಳ ಚಿತ್ರನ ಇಲ್ಲಲ್ರೀ. ಪಟ್ಟಿ ಕೇಳ್ಯಾರೋ, ಚಿತ್ರ ಯಾರು ಕೇಳ್ತಾರ. ಏರಿಸಿದ. ಹೆಸರು, ದಿನಾಂಕ, ಎದೆ ಸಿಟಿ, ಲಭ್ಯವಿದೆ. ಹಾವೇರಿಯ ಸಭೆಯಲ್ಲಿ ಚಪ್ಪಾಳೆ, ಪ್ರಮಾಣಪತ್ರ, ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಗೋ ಅಕ್ಕನ ತಲೆಯ ಮೇಲೇ ಗೋಡೆಗೆ ತೂಗುಹಾಕಿದ್ದಾರೆ. ನಿನ್ನೆ ಹುಬ್ಬಳ್ಳಿಯ ಡಾಕ್ಟರು ಗುಂಡಿ ಒತ್ತಿದರು, ಅಕ್ಕನ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಬಂತು, ಅಕ್ಕ ಇವನ ಕೈಯಿಂದಲೇ ಒಪ್ಪಿಗೆ ಕೊಡಿಸಿದಳು, ಕೋರಿಕೆ ಇಲ್ಲಿಗೆ ಬಂತು, ಇಲ್ಲಿಂದ ಸ್ವೀಕರಿಸಲಾಗಿದೆ ಎಂದು ಉತ್ತರ ಹೋಯಿತು, ಎರಡೂ ಯಂತ್ರಗಳು ಒಂದೇ ಭಾಷೆಯಲ್ಲಿ ಎಷ್ಟು ಮರ್ಯಾದೆಯಿಂದ ಮಾತಾಡಿಕೊಂಡವು, ಆಮೇಲೆ ಡಾಕ್ಟರ ಪರದೆಯಲ್ಲಿ ಒಂದು ಬಿಳಿ ವೃತ್ತ ತಿರುಗುತ್ತಲೇ ಉಳಿಯಿತು. ನೆಟ್‌ವರ್ಕ್ ಇರಬೇಕು, ನೀವೇ ಸಿಡಿ ಮಾಡಿ ತನ್ನಿ, ಅಂದರು.

ಸಿಡಿ. ಸಿಡಿ ಮಾಡುವುದೇನು ದೊಡ್ಡದಲ್ಲ, ಮೇಜಿನ ಮೇಲೆ ಖಾಲಿ ಸಿಡಿ ಇದೆ, ಪರದೆಯಲ್ಲಿ ಅಕ್ಕನ ಹೋದ ವಾರದ ಎದೆ ಇದೆ, ಪ್ರತಿ ಚಿತ್ರದ ತಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಚೀಟಿ, ಯಾರದು, ಯಾವತ್ತು ತೆಗೆದದ್ದು, ಯಾವ ಯಂತ್ರ, ಡೈಕಾಮ್ ಎಂಬ ಆ ಕಟ್ಟಳೆಯ ಪ್ರಕಾರ ಬರೆದಿದ್ದರೆ ಜಗತ್ತಿನ ಯಾವ ಕಂಪ್ಯೂಟರ್ ಆದರೂ ಎರಡು ಮಾತಿಲ್ಲದೆ ನಂಬುತ್ತದೆ, ಚೀಟಿಯ ದಿನಾಂಕ ತಿದ್ದುವುದಕ್ಕೆ ಅರ್ಧ ನಿಮಿಷ — ಮೇ ಹನ್ನೊಂದು, ಎರಡು ಸಾವಿರದ ಇಪ್ಪತ್ತೊಂದು — ಚುಕ್ಕೆ ಆಗಲೂ ಒಂಬತ್ತು, ಈಗಲೂ ಒಂಬತ್ತು, ಮನೆಗೆ ಕರೆದುಕೊಂಡು ಹೋಗಿ, ಅಕ್ಕ ಹೋಗುವ ದಾರಿಯಲ್ಲಿ ದೇವರಿಗೆ ಕಾಯಿ ಒಡೆಸುತ್ತಾಳೆ, ಎದೆ ಕೊಯ್ಯುವುದಿಲ್ಲ, ಇವನು ಅಳಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಆಗಲೇ ಅಂಕಿ ಒತ್ತಿಬಿಟ್ಟಿದೆ, ಎರಡು, ಸೊನ್ನೆ, ಎರಡು, ಒಂದು, ಉಳಿಸಲೇ ಎಂದು ಕೇಳುತ್ತಿದೆ ಯಂತ್ರ, ಮತ್ತು ಆ ಚುಕ್ಕೆ ಹೊಸದಾಗಿದ್ದರೆ? ಬೆಳೆಯುವಂಥದ್ದಾಗಿದ್ದರೆ? ಅದಕ್ಕೆ ನಾಲ್ಕು ವರ್ಷದ ವಯಸ್ಸು ಕೊಟ್ಟು ಅಕ್ಕನ ಎದೆಯಲ್ಲಿ ಸುಖವಾಗಿ ಇರು ಅಂದಂತಲ್ಲವೇ, ತಾಯಿ ಸತ್ತ ಮೇಲೆ ಶಾಲೆ ಬಿಟ್ಟು ಇವನ ತಲೆ ಬಾಚಿದವಳ ಎದೆಯಲ್ಲಿ, ಥೂ, ಬೇಡ ಅನ್ನುವುದರ ಮೇಲೆ ಒತ್ತಿದ. ಅಂಕಿಗಳು ಅಳಿಸಿಹೋದವು, ಅವುಗಳ ಜಾಗದಲ್ಲಿ ಮತ್ತೆ ಆ ಸಾಲು ಬಂದು ನಿಂತಿತು, ನೀಲಿ, ಬಿಡು ಎಂದರೂ ಬಿಡದೆ, ಊರು ಬ್ಯಾಡಗಿ, ಅಂಕ ಏಳು — ಯಂತ್ರ ಹಳೆಯದಾಗಿ ಕೆಟ್ಟಿತು ಅಂತ ಹೇಳಿದರಾಯಿತು, ಕಂಪನಿಯವರು ತೆಗೆದುಕೊಂಡು ಹೋದರು ಅಂತ, ಸಿಡಿಲು ಹೊಡೆಯಿತು ಅಂತ, ಅಕ್ಕ ಏನು ಹೇಳಿದರೂ ನಂಬುತ್ತಾಳೆ, ನಂಬುವವರಿಗೆ ಸುಳ್ಳು ಹೇಳುವುದಕ್ಕೇ ಹೆಚ್ಚು ಧೈರ್ಯ ಬೇಕು, ಅವನಲ್ಲಿ ಅದೂ ಇಲ್ಲ. ಎದ್ದು ಬಾಗಿಲು ಸರಿಸಿದ.

ಇಲ್ಲಕ್ಕಾ, ಅಂದ. ಏನಿಲ್ಲೋ? ಅಳಿಸಿಬಿಟ್ಟೇನಿ, ಜಾಗ ಇರಲಿಲ್ಲ, ಸರ ಹೇಳಿದ್ರು. ಅಕ್ಕ ಅವನ ಮುಖ ನೋಡಿದಳು, ಮಡಿಲ ಚೀಲವನ್ನು ಒಂದು ಸಲ ಎತ್ತಿ ಮತ್ತೆ ಅಲ್ಲೇ ಇಟ್ಟುಕೊಂಡಳು, ನಗುವುದೋ ಬೈಯುವುದೋ ಎಂದು ಗೊತ್ತಾಗದವಳ ಹಾಗೆ, ಕುಲ್ಸುಮಬಿಗೆ ಕೊಟ್ಟೆಲ್ಲೋ ಮತ್ತ, ರಹಿಮಾನಸಾಬಂದು ಇತ್ತಲ್ಲ? ಅವಂದು ಈಗ್ಲೂ ಐತಿ. ಅವಂದು ಹ್ಯಾಂಗ ಐತಿ? ಸತ್ತೋರ್ದು ಅಷ್ಟ ಇಡು ಅಂದಿದ್ರು ಅಕ್ಕಾ. ಅವಳು ಕಾಯಿ ಆರಿಸುವಾಗ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವಷ್ಟೇ ನಿಧಾನವಾಗಿ ಆ ಮಾತನ್ನು ತಿರುಗಿಸಿ ನೋಡಿದಳು, ಹಂಗಾರ ನಾನು ಆವಾಗ ಸತ್ತಿದ್ರ ನಂದೂ ಇರ್ತಿತ್ತು, ಅಂದಳು. ಕುಹಕವಿರಲಿಲ್ಲ, ಲೆಕ್ಕ ಸರಿಯಾಯಿತೋ ಎಂದು ಕೇಳುವ ದನಿ, ಅದಕ್ಕಿಂತ ಅವಳು ಚಪ್ಪಲಿ ತೆಗೆದು ಹೊಡೆದಿದ್ದರೆ ಆಗುತ್ತಿತ್ತು. ಸೋಮವಾರ ಎಷ್ಟು ಗಂಟೆಗೆ ಬಾ ಅಂದಾರ, ಕೇಳಿದಳು, ಎಂಟಕ್ಕ ಅಂದ, ನಿಮ್ ಬಾವಗ ಹೇಳು, ಎಂಟು ದಿನ ಕೆಲಸಕ್ಕ ಬರೂದಿಲ್ಲಂತ ಗೋದಾಮಿನ್ಯಾಗ ತಿಳಸ್ಲಿ. ಹೇಳ್ತೇನಿ. ಹಿಂಡಿಯ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟಳು, ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಒಂದು ಮಾತು ಕೇಳ್ಲೇನು, ಅಳಸೂವಾಗ ನನ್ ಹೆಸರು ಕಂಡಿತ್ತೇನೋ ನಿನಗ? ಇಲ್ಲಕ್ಕಾ, ಅಂದ, ತಕ್ಷಣ ಅಂದ, ಸಾವಿರಾರು ಹೆಸರು, ಒಂದೊಂದೇ ಯಾರು ಓದ್ತಾರ, ಕಂಡಿರಲಿಲ್ಲ, ಕಂಡಿದ್ದರೆ ತೆಗೆಯುತ್ತಿದ್ದನೇ, ಮಧ್ಯಾಹ್ನವಾಗಿತ್ತು, ಊಟಕ್ಕೆ ಏಳಬೇಕಿತ್ತು, ಪಟ್ಟಿ ಜಾರುತ್ತ ಜಾರುತ್ತ ನಿಂತಿತ್ತು, ಗಂಗವ್ವ ಭರಮಣ್ಣ, ನಲವತ್ತೆರಡು, ಹೆಣ್ಣು, ಬ್ಯಾಡಗಿ, ಅಂಕ ಏಳು, ನೋಡಿದ್ದ, ಸಣ್ಣಗೆ ನಕ್ಕಿದ್ದ ಕೂಡ, ಅಕ್ಕಂದು ಯಾಕೆ ಬೇಕು, ಗಟ್ಟಿಯಾಗಿ ಓಡಾಡಿಕೊಂಡಿದ್ದಾಳಲ್ಲ ಎಂದು, ಬೆರಳು ಗುಂಡಿಯ ಮೇಲೆ, ಸಾಲು ನೀಲಿಯಾಯಿತು, ಗಂಗವ್ವ ಭರಮಣ್ಣ, ನಲವತ್ತೆರಡು, ಹೆಣ್ಣು, ನೀಲಿ, ಗಂಗವ್ವ ಭರಮಣ್ಣ, ನೀಲಿ