ಒಂಬತ್ತು ಹಿಡಿಕೆಗಳು

ಇಸ್ಮಾಯಿಲ ಹಾರೆ ಕೊಟ್ಟು ಮೀಟಿದೊಡನೆ ಕರಿಕಲ್ಲು ಬಂಡಿಯಿಂದ ಜಾರಿ, ಆಗಷ್ಟೇ ಮುಚ್ಚಿದ ಕುಣಿಯ ಪಕ್ಕ ಧೊಪ್ಪನೆ ಬಿತ್ತು.

"ಹುಷಾರ್ ಭಾಯಿ! ಲಾಲಪ್ಪನ ಎದಿ ಮ್ಯಾಲ ಕೆಡವಿದ್ರ ಎದ್ದು ಬೈತಾನ," ಎಂದ ದೇವಿದಾಸ. ಹೆಣ ಹೊತ್ತ ನಾಲ್ವರಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ.

ಸೊಂಟದೆತ್ತರದ ಕಲ್ಲು. ಒಂದು ಮುಖವನ್ನು ನುಣ್ಣಗೆ ಮಾಡಿ ಉಳಿಯಿಂದ ಒಂಬತ್ತು ಗುರುತು ಕೆತ್ತಲಾಗಿತ್ತು. ಅರ್ಧ ಚಂದ್ರ, ಮೀನಿನ ಮುಳ್ಳು, ಮೂರು ಚುಕ್ಕಿ, ಏಣಿಯಂಥದೊಂದು. ಅಕ್ಷರ ಒಂದೂ ಇರಲಿಲ್ಲ.

"ಇದೇನು, ಹುಲಿ ಕುರಿ ಆಡೋ ಮನಿ ಕೊರದಾನೇನು?" ಎಂದ ದೇವಿದಾಸ.

"ಏನರೆ ಇರಲಿ. ತನ್ನ ಕಲ್ಲು ತಾನೇ ಮಾಡಿಟ್ಟು ಹೋಗ್ಯಾನ. ಶಾಣ್ಯಾ ಮನಷಾ," ಎಂದ ಬಕ್ಕಪ್ಪ. "ತಲಿ ಕಡೀಗಿ ತಗ್ಗು ತೋಡ್ರಿ. ನಿಲ್ಲಸೂಣು."

ರಾಜೇಶ್ವರದಲ್ಲಿ ಹೊಲ ಮನೆ ಉಳ್ಳ ಬಕ್ಕಪ್ಪ ಬೆಳಿಗ್ಗೆ ತಾನೇ ಮುಂದೆ ನಿಂತು ಜಾಗ ಕೊಡಿಸಿದ್ದ. ಲಾಲಪ್ಪನಿಗೆ ಈ ಸೀಮೆಯಲ್ಲಿ ಹೆಂಡತಿ, ಮಗಳು ಬಿಟ್ಟರೆ ಬಳಗವಿರಲಿಲ್ಲ. ಅವನು ಯಾವ ಊರವನು, ಯಾರ ಪೈಕಿ ಎಂದು ಇವತ್ತು ಒಬ್ಬರೂ ಕೇಳಬಾರದೆಂದು ಬಕ್ಕಪ್ಪ ಗದರಿಸಿದ್ದ. ಈಗ ಅವನ ಕೈಯಲ್ಲಿ ಅರಿಸಿನದ ತಟ್ಟೆ ಇತ್ತು. ಅರಿಸಿನ ತಾಗಿದ ಮೇಲೆ ಕಲ್ಲು ಸತ್ತವನದು. ಅದನ್ನು ಕೀಳುವುದು ಹೆಣ ಕಿತ್ತ ಹಾಗೆ.

ಹೆಂಗಸರು ಸ್ಮಶಾನದ ಅಂಚಿನ ಹುಣಸೆ ಮರ ದಾಟಿ ಬರುವ ರೂಢಿ ಇಲ್ಲ. ಬಂಡಿಯಿಂದ ಇಳಿದದ್ದು ಏನೆಂದು ಲಾಲಪ್ಪನ ಮಗಳು ದ್ರೌಪತಿ ಅಲ್ಲಿಂದಲೇ ನೋಡಿದಳು. ಇಪ್ಪತ್ತು ವರ್ಷದ ಅವಳ ದನಿಯನ್ನು ಊರ ಗಂಡಸರು ಕೇಳಿದ್ದು ಕಡಿಮೆ. ಎದ್ದು ನಿಂತಾಗ ತಾಯಿ ಗಯಾಬಾಯಿ ಅವಳ ಸೆರಗು ಹಿಡಿದಳು.

"ಎಲ್ಲಿಗಿ ಹೊಂಟಿ?"

"ಆ ಕಲ್ಲು ಅಪ್ಪಂದಲ್ಲ, ಅವ್ವಾ."

ಗಯಾಬಾಯಿ ಮಗಳ ಮುಖ ನೋಡಿದಳು. ಸೆರಗು ಬಿಟ್ಟಳು.

*

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಂದಿನಿಂದ ದ್ರೌಪತಿ ಅಪ್ಪನಿಗೆ ರೊಟ್ಟಿ ಒಯ್ಯುತ್ತಿದ್ದಳು. ಹೆದ್ದಾರಿಗೆ ಜಲ್ಲಿ ಒಡೆಯುವುದು ಅವನ ಕೆಲಸ. ಹೋದ ವರ್ಷದಿಂದ ಊಟದ ಹೊತ್ತಿನಲ್ಲಿ ಬೇರೆ ಉಳಿ ತೆಗೆಯುತ್ತಿದ್ದ, ಬಸವಕಲ್ಯಾಣದ ಸಂತೆಯಲ್ಲಿ ಕೊಂಡ ಸಣ್ಣ ಉಳಿ.

"ಇದು ಯಾವ ದೇವ್ರಪ್ಪಾ?" ಕರಿಕಲ್ಲಿನ ಮೇಲಿನ ಗುರುತು ತೋರಿಸಿ ಕೇಳಿದ್ದಳು.

"ದೇವ್ರಲ್ಲ. ಗುದ್ದಲಿ ಹಿಡಿಕಿ."

ತುಂಡು ತುಂಡಾಗಿ ಹೇಳಿದ, ಎರಡೇಟಿನ ನಡುವೆ ಒಂದು ಮಾತು. ಹದಿನೆಂಟರ ಪ್ರಾಯದಲ್ಲಿ, ತೆಲುಗು ಸೀಮೆಯ ಪಾಲಮೂರಿನ ಕಡೆಯಿಂದ ಗುಂಪಿನ ಜೊತೆ ನಡೆದು ಬಂದಿದ್ದ, ಭಾಲ್ಕಿಯ ಕಡೆ ರೈಲು ಹಾದಿ ಹಾಕಲು. ಕೆಲವರದು ತೆಲುಗು, ಕೆಲವರದು ಮರಾಠಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಗುದ್ದಲಿ, ಪಿಕಾಸಿಗಳೆಲ್ಲ ಒಂದೇ ರಾಶಿಯಲ್ಲಿ ಬೀಳುತ್ತಿದ್ದವು. ಕೈಗೆ ಪಳಗಿದ್ದು ಬೇರೆಯವನ ಪಾಲಾಗಬಾರದೆಂದು ಪ್ರತಿಯೊಬ್ಬನೂ ಹಿಡಿಕೆಯ ಮೇಲೆ ಒಂದು ಗುರುತು ಕೊರೆದಿದ್ದ.

"ಹೆಸರು ಆಮ್ಯಾಲ ಕಲ್ತೀವಿ. ಗುರುತು ಮೊದಲ."

ಮಳೆಗಾಲದಲ್ಲಿ ವಾಂತಿಭೇದಿ ಬಂತು. ನಾಲ್ಕು ದಿನದಲ್ಲಿ ಒಂಬತ್ತು ಮಂದಿ. ಹಾದಿಗಾಗಿ ಕಡಿದ ದಿಬ್ಬದ ಮೇಲೆ ಸಾಲಾಗಿ ಹೂಳಿದರು. ಐದನೆಯ ದಿನ ಹೊಸಬರು ಬಂದರು. ಮೇಸ್ತ್ರಿ ಒಂದು ಗಾಜಿನ ಚೂರು ಲಾಲಪ್ಪನ ಕೈಗೆ ಕೊಟ್ಟು, ಆ ಒಂಬತ್ತು ಹಿಡಿಕೆ ಕೆರೆದು ನುಣ್ಣಗೆ ಮಾಡು ಎಂದ.

"ಮಾಡ್ದಿ?"

"ಮಾಡ್ದೆ. ಸಂಜಿಮಟ ಕೆರೀತ ಕೂತೆ."

ಅವನು ಕಲ್ಲಿನ ಪುಡಿ ಊದಿದ. ಒಂಬತ್ತರಲ್ಲಿ ನಾಲ್ವರ ಹೆಸರು ಅವನಿಗೆ ನೆನಪಿರಲಿಲ್ಲ. ಗುರುತು ಒಂದೂ ತಪ್ಪಿರಲಿಲ್ಲ.

"ಇದರಾಗ ನಿಂದು ಯಾವುದು?"

"ನಂದ್ಯಾಕ? ನಾ ಬದಕೀನಲ್ಲ."

ದೀಪಾವಳಿ ಮುಗಿಸಿ ಇಸ್ಮಾಯಿಲನ ಬಂಡಿ ಕೇಳಿ ಕಲ್ಲು ಒಯ್ಯುವುದೆಂದು ಇತ್ತು; ಇಸ್ಮಾಯಿಲನಿಗೆ ಇನ್ನೂ ಹೇಳಿರಲಿಲ್ಲ. ಭಾಲ್ಕಿ ಸ್ಟೇಷನ್ ದಾಟಿ ಎರಡನೆಯ ಮೋರಿ, ಎಡಕ್ಕೆ ದಿಬ್ಬ ಎಂದು ಮಗಳಿಗೆ ಮೂರು ಸಲ ಹೇಳಿಸಿದ್ದ. ದೀಪಾವಳಿಗೆ ಇನ್ನೂ ಹನ್ನೊಂದು ದಿನವಿರುವಾಗ ಜಲ್ಲಿಯ ರಾಶಿಯ ಮೇಲೆಯೇ ಒರಗಿದ.

*

"ನಿಲ್ಲಸಬ್ಯಾಡ್ರಿ," ಎಂದಳು ದ್ರೌಪತಿ.

ದನಿ ಸಣ್ಣದಿತ್ತು. ಯಾರಿಗೂ ಕೇಳಿಸಲಿಲ್ಲ. ತಗ್ಗಿನೊಳಗೆ ಇಳಿದು ನಿಂತಳು. ಇಸ್ಮಾಯಿಲ ಎತ್ತಿದ ಪಿಕಾಸಿ ಮೇಲೆಯೇ ನಿಂತಿತು.

"ಅರೇ ಬೇಟಿ! ಕಾಲು ಕಡೀತಿದ್ನಲ್ಲ!"

"ಹೆಣ್ಮಗಳು ಇಲ್ಲೀತನಾ ಬಂದ್ಯಾ?" ಬಕ್ಕಪ್ಪನ ಮುಖ ಕೆಂಪಾಯಿತು.

"ಈ ಕಲ್ಲು ಅಪ್ಪಂದಲ್ರಿ ಕಾಕಾ. ರೈಲು ಹಾದಿ ಮ್ಯಾಗ ಸತ್ತವರದು. ಅಲ್ಲಿ ನೆಡಬೇಕಂತ ಮಾಡಿದ್ದ."

"ಯಾರಿಗಿ ಹೇಳ್ಯಾನ?"

"ನಂಗ."

ದೇವಿದಾಸ ನಕ್ಕ. ಬಕ್ಕಪ್ಪ ನಗಲಿಲ್ಲ. "ನೋಡವ್ವಾ, ಗುರ್ತಿಲ್ದ ಮನಷಾಗ ಊರು ಕಲ್ಲು ನಿಲ್ಲಸಾಕತ್ತದ. ಇದಕೂ ಅಡ್ಡ ಬರ್ತಿಯೇನು?"

ದ್ರೌಪತಿ ಇಸ್ಮಾಯಿಲನ ಕೈಯಲ್ಲಿದ್ದ ಪಿಕಾಸಿಯನ್ನು ತೋರಿಸಿದಳು. "ಅದು ಅಪ್ಪಂದು. ಹಿಡಿಕಿ ಮ್ಯಾಲ ಅವನ ಗುರುತದ, ನೋಡ್ರಿ. ಈ ಕಲ್ಲಿನ ಮ್ಯಾಲ ಅದು ಸಿಕ್ರ ಇಲ್ಲೇ ನಿಲ್ಲಸ್ರಿ. ನಾ ಸುಮ್ನ ಹೋಗ್ತೀನಿ."

ಇಸ್ಮಾಯಿಲ ಹಿಡಿಕೆ ತಿರುಗಿಸಿದ. ಕೈಬೆವರಿಗೆ ಕಪ್ಪಾದ ಕಟ್ಟಿಗೆಯಲ್ಲಿ ಎರಡು ಗೆರೆ ಅಡ್ಡ ಹಾಯ್ದಿದ್ದವು, ಕೆಳಗೊಂದು ಚುಕ್ಕಿ. ದೇವಿದಾಸ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಗುರುತುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಎರಡನೆಯ ಸಲವೂ ಆಡಿಸಿದ.

"ಇಲ್ರಿ," ಎಂದ. "ಇದರಾಗ ಲಾಲಪ್ಪ ಇಲ್ಲ."

ಬಕ್ಕಪ್ಪ ಕುಣಿಯ ಮೇಲಿನ ಹಸಿ ಮಣ್ಣಿನ ಕಡೆ ನೋಡಿದ.

"ಎರಡು ಮಳಿ ಬಿದ್ರ ಈ ಮಣ್ಣು ನೆಲಕ್ಕ ಕೂಡ್ತದ. ನಿಮ್ಮಪ್ಪ ಎಲ್ಲಿ ಅಂತ ಹ್ಯಾಂಗ ಹುಡುಕ್ತಿ?"

"ನಂಗ ಗೊತ್ತದ. ಅವ್ವಗ ಗೊತ್ತದ. ನಿಮಗೂ ಗೊತ್ತದಲ್ರಿ. ಆ ಒಂಬತ್ತು ಮಂದಿ ಗೊತ್ತಿದ್ದವ ಅವ ಒಬ್ಬನೇ ಇದ್ದ."

ಬಕ್ಕಪ್ಪ ಬಗ್ಗಿದ. ತಟ್ಟೆಯ ಅರಿಸಿನವನ್ನೆಲ್ಲ ಹಸಿ ಮಣ್ಣಿನ ಮೇಲೆ ಸುರಿದು ಅಂಗೈಯಿಂದ ಸವರಿದ.

"ಏನ್ ನೋಡಾಕತ್ತೀರಿ? ಬಂಡಿಗಿ ಹೇರ್ರಿ," ಎಂದು ಇಸ್ಮಾಯಿಲನ ಮೇಲೆ ರೇಗಿದ. "ಬರೇ ಹುಡುಗಿ ಜೋಡಿ ಹೋಗ್ತಿಯೇನು? ಈ ದೇವಿದಾಸನ್ನೂ ಕರಕೊಂಡು ಹೋಗು. ನಕ್ಕಾನಲ್ಲ, ಎತ್ತಲಿ."

*

ಹುಮನಾಬಾದಿನಲ್ಲಿ ಎತ್ತುಗಳಿಗೆ ಮೇವು ಹಾಕಿ, ಮರುದಿನ ಇಳಿಹೊತ್ತಿಗೆ ಎರಡನೆಯ ಮೋರಿ ಮುಟ್ಟಿದರು. ದಿಬ್ಬದ ಮೇಲೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಗಂಡಸರಿಬ್ಬರೂ ಕಲ್ಲು ಹೊತ್ತು ಹತ್ತಿದರು. ಗುರುತುಗಳ ಮುಖ ಹಳಿಯ ಕಡೆ ಇರಲಿ ಎಂದಳು ದ್ರೌಪತಿ. ಅದರಂತೆ ನಿಲ್ಲಿಸಿ ಸುತ್ತ ಮಣ್ಣು ತುಂಬಿದರು.

ತುಂಬಿ ಮುಗಿಯುವ ಮೊದಲೇ ರೈಲು ಬಂತು. ದಿಬ್ಬದ ಅಂಚಿನಲ್ಲಿ ಜನ ಕಂಡು ಡ್ರೈವರ್ ಉದ್ದಕ್ಕೆ ಸಿಳ್ಳೆ ಹಾಕಿದ. ಇಸ್ಮಾಯಿಲ ಎತ್ತು ಬೆದರದಂತೆ ಹಿಡಿಯಲು ಕೆಳಗೆ ಓಡಿದ. ದೇವಿದಾಸ ಹಿಂದೆ ಸರಿದು, "ಬಾ ಇತ್ತಾಗ!" ಎಂದು ಕೂಗಿದ.

ನೆಲ ಅದುರತೊಡಗಿತು. ಕಲ್ಲಿನ ಬುಡದ ಸಡಿಲ ಮಣ್ಣು ಹರಳು ಹರಳಾಗಿ ಜಾರುತ್ತಿತ್ತು. ದ್ರೌಪತಿ ಎರಡೂ ಕಾಲನ್ನು ಅದರ ಮೇಲೆ ಊರಿ ಒತ್ತಿ ನಿಂತಳು. ಗಾಳಿಗೆ ಸೆರಗು ಹಾರಿತು. ಕಿಟಕಿಗಳಲ್ಲಿ ಮುಖಗಳು ಬಂದವು, ಹೋದವು. ಕೊನೆಯ ಡಬ್ಬಿ ದಾಟುವ ತನಕ ಅವಳು ಕಾಲು ತೆಗೆಯಲಿಲ್ಲ.