ಒಂದು ಉಸಿರಿನ ಗೆರೆ

ಸೆಖೆಗಾಲ, ಊಟ ಮುಗಿಸಿ ಕೈ ತೊಳೆದು ಬಂದ ಹೊತ್ತು, ಆಗಲೇ ಶುರುವಾದದ್ದು, ಅಥವಾ ನನ್ನ ಕಣ್ಣಿಗೆ ಬಿದ್ದದ್ದು ಆಗ — ಈಗ ಚಳಿ, ಬೆಳಗಿನ ಬಿಸಿಲು ಭಟ್ಟಿಯ ಬಾಗಿಲವರೆಗೆ ಬಂದು ನಿಂತಿದೆ, ಒಳಗಿನ ಪಿಂಗಾಣಿ ಬಟ್ಟಲುಗಳು ಇನ್ನೂ ಬೆಚ್ಚಗಿವೆ, ಕೋಳಿ ಆಗಷ್ಟೇ ಬಿಟ್ಟೆದ್ದ ಮೊಟ್ಟೆಯ ಹಾಗೆ, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತೇನೆ, ಅಂಚಿನ ನೀಲಿ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತೇನೆ, ಒಂದು ಸುತ್ತು, ಸರಿ, ಇಳಿಸು, ಇನ್ನೊಂದು, ಸರಿ — ಇದು, ಇದರಲ್ಲಿ, ಇಲ್ಲಿ, ಗೆರೆ ಹೊರಟ ಜಾಗಕ್ಕೆ ಬಂದು ಸೇರಿಲ್ಲ, ನಡುವೆ ಅಕ್ಕಿ ಕಾಳಿನಷ್ಟು ಬಿಳಿ. ತಂಗಿಯದೇ ಇರಬೇಕು. ಅವಳು ಹೋಗುವ ಮೊದಲು ಬರೆದದ್ದು ಹಲಗೆಯ ಹಿಂದೆಲ್ಲೋ ಉಳಿದುಕೊಂಡು ಈ ಭಟ್ಟಿಗೆ ಸೇರಿರಬೇಕು. ಬುಡದಲ್ಲಿ ಬರೆದವರ ಗುರುತು ಇರುತ್ತದೆ, ನನ್ನದು ಎರಡು ಗೀಟು, ತಂಗಿಯದು ಚುಕ್ಕೆ, ಅವಳ ಮಗಳದು ಒಂದು ಎಲೆ, ತಿರುಗಿಸಿ ನೋಡಿದರಾಯಿತು, ನೋಡಿದರಾಯಿತು, ಅವಸರವೇನು, ಬುಡ ಇನ್ನೂ ಬಿಸಿ ಇದೆ, ತಂಗಿಯದೇ.

ಉಸಿರು ಕಟ್ಟಿ ಎಳೆಯುವ ಗೆರೆ ಇದು, ಕಲಿಯಲು ಬಂದವರಿಗೆಲ್ಲ ಮೊದಲ ದಿನ ಹೇಳುವುದೇ ಇದನ್ನು, ಎಡಗೈಯಲ್ಲಿ ಬಟ್ಟಲಿಟ್ಟ ಮಣೆ ತಿರುಗಿಸಿಬಿಡಿ, ಬಲಗೈಯ ಕುಂಚ ಇದ್ದಲ್ಲೇ ಇರಲಿ, ಬಟ್ಟಲು ತಾನಾಗಿ ತಾಗಿಕೊಂಡು ಹೋಗುತ್ತದೆ, ಒಂದು ಸುತ್ತಿಗೆ ಒಂದು ಉಸಿರು, ನಡುವೆ ಉಸಿರು ಬಿಟ್ಟರೆ ಗೆರೆ ಮುಗ್ಗರಿಸಿತು. ತೇಪೆ ಹಾಕುವಂತಿಲ್ಲ, ಹಾಕಿದಲ್ಲಿ ನೀಲಿ ಕಪ್ಪಿಟ್ಟು ಕಾಣುತ್ತದೆ, ಅಳಿಸುವಂತೆಯೂ ಇಲ್ಲ, ಬೇಯದ ಒಣ ಮಣ್ಣು ಬಣ್ಣ ಕುಡಿದುಬಿಟ್ಟಿರುತ್ತದೆ. ಹಚ್ಚುವಾಗ ಬರೀ ಬೂದಿ ಬಣ್ಣ, ಆಮೇಲೆ ಹೊಳಪಿನ ನೀರಿನಲ್ಲಿ ಅದ್ದಿದರೆ ಅದೂ ಬಿಳಿಯ ಕೆಳಗೆ ಮುಚ್ಚಿಕೊಳ್ಳುತ್ತದೆ, ಯಾರ ಗೆರೆ ಹೇಗೆ ನಡೆಯಿತು ಅಂತ ಭಟ್ಟಿ ಬಾಯಿ ಬಿಟ್ಟ ಮೇಲೆಯೇ ಹೇಳಬೇಕು. ತಂಗಿಯ ಗೆರೆ ಎಲ್ಲಿ ಶುರು, ಎಲ್ಲಿ ಕೊನೆ, ನನಗೇ ಸಿಗುತ್ತಿರಲಿಲ್ಲ, ಹುಡುಕಿಕೊಡು ನೋಡೋಣ ಅಕ್ಕಾ ಅಂತ ಮೂಗಿನ ಹತ್ತಿರ ತಂದು ಕೆಣಕುವಳು, ಆ ಮಧ್ಯಾಹ್ನ ಸಿಕ್ಕಿತು, ಸಾಸಿವೆಯಷ್ಟು ಬಿಳಿ. ಇದೇನೇ ಅಂದೆ. ನಗು ಬಂತು ಕಣಕ್ಕಾ ಅವತ್ತು, ಈ ದರ್ಜಿಯಣ್ಣ ಬಾಯಿ ಮುಚ್ಚಿಕೊಂಡು ಕೂರಬೇಕಲ್ಲ. ದರ್ಜಿ ನಮ್ಮಲ್ಲಿ ಕಲಿಯಲು ಬರುವವರಲ್ಲೆಲ್ಲ ವಯಸ್ಸಾದವನು, ಅಂಗಡಿ ಮುಚ್ಚಿದ ಮೇಲೆ ಕೈ ಸುಮ್ಮನಿರಲ್ಲಮ್ಮ ಅಂತ ಬಂದು ಸೇರಿದವನು, ಬಟ್ಟಲು ಇಸಕೊಂಡು ಕನ್ನಡಕ ಏರಿಸಿ ನೋಡಿ, ಗುಂಡಿ ಹಾಕೋಕೆ ಜಾಗ ಬಿಟ್ಟಿದ್ದಾರೆ ಬಿಡೀಮ್ಮ ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ತಂಗಿ ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದಳು, ಮೇಜಿನ ಅಂಚು ಹಿಡಿದುಕೊಂಡಳು, ಅದು ನನಗೆ ಈಗ ಕಾಣುತ್ತದೆ, ಆಗ ಕಂಡಿರಲಿಲ್ಲ.

ಮುಂದಿನ ಭಟ್ಟಿಯಲ್ಲಿ ಅಕ್ಕಿ ಕಾಳಿನಷ್ಟು. ಆಮೇಲೆ ಇದ್ದಕ್ಕಿದ್ದಂತೆ ಗೆರೆ ಮತ್ತೆ ಕೂಡಿತು, ನೋಡಿದೆಯಾ ಕೈ ತಿರುಗಿ ಬಂತು ಅಂತ ತಂಗಿ ಬೀಗಿದಳು, ಆದರೆ ಗೆರೆ ತೆಳ್ಳಗೆ, ಕೂದಲೆಳೆ, ಬೆನ್ನು ಹಾಕಿ ಕೂತಿದ್ದ ನನ್ನ ಕಿವಿಗೆ ಅವಳ ಮಣೆಯ ಸದ್ದು ಬೀಳುತ್ತಿತ್ತು, ಮೊದಲು ಗುರ್... ಗುರ್... ಅಂತ ನಿದ್ದೆಗಣ್ಣಿನ ಬೆಕ್ಕಿನ ಹಾಗಿದ್ದದ್ದು ಈಗ ಸರ್ರಂತ ಓಡುತ್ತದೆ, ಉಸಿರು ಮುಗಿಯುವ ಮೊದಲು ಸುತ್ತು ಮುಗಿಸಲು ಜೋರಾಗಿ ತಳ್ಳುತ್ತಿದ್ದಾಳೆ, ಯಾಕೇ ಅಷ್ಟು ಅವಸರ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ, ಯಾರೂ ಇಲ್ಲಕ್ಕಾ ನೀನು ನಿನ್ನ ಬಟ್ಟಲು ನೋಡು. ಆಮೇಲೆ ಓಡುವ ಮಣೆಗೂ ಅವಳ ಉಸಿರು ಸಾಲಲಿಲ್ಲ.

ಹಿಂದಿನ ಕೋಣೆ, ಆ ಕೋಣೆ, ಒಣಗಿದ ಬಟ್ಟಲನ್ನು ಬೇಯಿಸುವ ಮೊದಲು ಬಟ್ಟೆಯಿಂದ ಉಜ್ಜಿ ನಯ ಮಾಡುವ ಜಾಗ, ಕುಂಚ ಹಿಡಿಯುವ ಮೊದಲು ತಂಗಿಯ ಪ್ರಾಯವೆಲ್ಲ ಸವೆದದ್ದು ಅಲ್ಲಿ, ಗಾಳಿ ತಾಗಿದರೆ ಬಟ್ಟಲು ಬಿರಿಯುತ್ತದೆ ಅಂತ ಕಿಟಕಿ ತೆರೆಯುತ್ತಿರಲಿಲ್ಲ, ಬಿಳಿ ಹುಡಿ ಇಳಿಯಲು ಜಾಗವಿಲ್ಲದೆ ಬೆಳಕಿನಲ್ಲೇ ತೇಲಿಕೊಂಡಿರುತ್ತಿತ್ತು. ಒದ್ದೆ ಸ್ಪಂಜಿನಲ್ಲಿ ಒರೆಸಲಿ ಬಿಡಿ ಅಂತ ಭಟ್ಟಿಯ ಯಜಮಾನರಿಗೆ ಎಷ್ಟು ಸಲ ಅಂದೆ, ಅಂಚು ಕರಗಿ ಹೋಗುತ್ತೆ ಕಣಮ್ಮ, ಮಣ್ಣು ತಾನೇ, ವಿಷವಾ ಅಂದರು, ತಂಗಿಯೂ ಅವರ ಕಡೆಯೇ, ಅಕ್ಕನಿಗೆ ನಾನು ಬೆಳ್ಳಗಾದರೆ ಹೊಟ್ಟೆಕಿಚ್ಚು. ಅವಳ ಮಗು ಮೇಜಿನ ಕೆಳಗೆ ಬುಟ್ಟಿಯಲ್ಲಿ ಮಲಗಿರುತ್ತಿತ್ತು, ಎದ್ದಾಗ ರೆಪ್ಪೆ ಕೂಡ ಬಿಳಿ, ಹಿಟ್ಟಿನ ಗೊಂಬೆ ಅಂತ ಕರೆದೆವು, ಆ ಹೆಸರೇ ನಿಂತುಬಿಟ್ಟಿತು, ಬುಟ್ಟಿಯಿಂದ ಇಳಿದು ನಡೆಯಲು ಕಲಿತದ್ದೂ ಆ ಹುಡಿಯ ಮೇಲೆಯೇ, ಅವಳ ಹೆಜ್ಜೆಗಳು ನೆಲದ ಮೇಲೆ ಎಷ್ಟು ಚಂದ ಮೂಡುತ್ತಿದ್ದವು, ಅವಳು ದೊಡ್ಡವಳಾದಳು, ಅಮ್ಮ ಕುಂಚ ಹಿಡಿದು ಮುಂದಿನ ಕೋಣೆಗೆ ಬಂದಾಗ ಅಮ್ಮನ ಬಟ್ಟೆ ತುಂಡು ಮಗಳ ಕೈಗೆ ಹೋಯಿತು, ಹೋದ ವರ್ಷ ಜಗಳವಾಡಿ ನಾನು ಅವಳನ್ನು ಈಚೆ ಎಳೆದುಕೊಂಡು ಬಂದು ಮಣೆಯ ಮುಂದೆ ಕೂರಿಸುವವರೆಗೆ.

ಡಾಕ್ಟರು ತಂಗಿಯ ಎದೆಯ ಫೋಟೋ ಬೆಳಕಿಗೆ ಹಿಡಿದರು, ನಾನು ಬಟ್ಟಲು ಹಿಡಿಯುವ ಹಾಗೇ, ಕಪ್ಪಿನ ಮೇಲೆಲ್ಲ ಬಿಳಿ ಬಿಳಿ ಕಾಳು, ಕಲ್ಲಿನ ಹುಡಿ ಕೂತಿದೆ ಅಮ್ಮ, ಕೂತದ್ದು ಏಳುವುದಿಲ್ಲ, ಇನ್ನಷ್ಟು ಹೋಗದ ಹಾಗೆ ದೂರ ಇರಿ. ಅವಳ ಗಂಡ ತನ್ನಣ್ಣನ ಮನೆಗೆ ಕರೆದುಕೊಂಡು ಹೊರಟ. ಗೊಂಬೆ ಹೋಗಲಿಲ್ಲ, ಅಮ್ಮನ ಮಣೆ ಖಾಲಿ ಬಿಡಬೇಕಾ ದೊಡ್ಡಮ್ಮ ಅಂತ ಕೂತೇಬಿಟ್ಟಳು, ಮೊಂಡಿ, ಥೇಟ್ ಅಮ್ಮನೇ. ಬಾಗಿಲಲ್ಲಿ ತಂಗಿ ನನ್ನ ಮಣಿಕಟ್ಟು ಹಿಡಿದಳು, ಅವಳನ್ನ — ಉಸಿರು — ನೋಡ್ಕೋ — ಉಸಿರು — ಅಕ್ಕಾ.

ಪಕ್ಕದ ಕೋಣೆಯಲ್ಲಿ ದರ್ಜಿ ಏನೋ ಅಂದ, ಗೊಂಬೆ ನಗುತ್ತಾಳೆ, ನಗು ಅರ್ಧಕ್ಕೆ ನಿಲ್ಲುತ್ತದೆ, ನಿಲ್ಲಲಿ, ಎಲ್ಲರ ನಗುವೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಈಗ ಮಣೆಯ ಸದ್ದು, ಸರ್ರಂತ, ಹೊಸ ಕೈ, ಹೊಸಬರು ಜೋರಾಗೇ ತಳ್ಳುತ್ತಾರೆ, ನಾನು ಹಾಗೆ ಕಲಿಸಿಲ್ಲ, ಬಟ್ಟಲು ಆರಿ ತಣ್ಣಗಾಗಿದೆ, ಬಿಸಿ ಎನ್ನುವ ನೆಪವೂ ಇಲ್ಲ, ತಿರುಗಿಸುತ್ತೇನೆ — ಎಲೆ. ಗೊಂಬೇ, ಇಲ್ಲಿ ಬಾರೇ. ಬಂದಳು, ಬಾಗಿಲಿಗೆ ಒರಗಿಕೊಂಡಳು, ಇದೇನೇ ಇದು. ಅಯ್ಯೋ ಅದಾ, ಶನಿವಾರ ಬರೆದದ್ದು, ನಗು ಬಂತು ದೊಡ್ಡಮ್ಮ. ಅವಳ ಭುಜ ಮೇಲೇರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಪಕ್ಕದ ಕೋಣೆಯಿಂದ ಇಲ್ಲಿಗೆ ನಾಲ್ಕು ಹೆಜ್ಜೆ ನಡೆದು ಬಂದದ್ದಕ್ಕೆ, ನನ್ನ ಹೆಬ್ಬೆರಳು ಗೆರೆಯ ಮೇಲೆ ಹೊರಡುತ್ತದೆ, ನೀಲಿ, ನೀಲಿ, ನೀಲಿ, ತಂಗಿ ಹೋದದ್ದು ಗುರುವಾರ, ಗುರುವಾರವೇ, ನಾನೇ ಬಾಗಿಲು ಹಾಕಿಕೊಂಡೆ, ನೀಲಿ, ನೀಲಿ, ಇಲ್ಲಿ, ಅಕ್ಕಿ ಕಾಳಿನಷ್ಟು ಬಿಳಿ.