ಗಟ್ಟಿಮೇಳದ ಗಡಿಯಾರ

ನಾನು ಕಂಪ್ಯೂಟರ್ ಪರದೆಯ ಮೇಲೆ ಕೂರುವ ಒಂದು ಪುಟ್ಟ ಗ್ಯಾಜೆಟ್, ಹೊತ್ತು ಎಣಿಸುವ ಕಿರು ಪ್ರೋಗ್ರಾಂ. ಹುಟ್ಟಿದ್ದು ತಿಪಟೂರಿನ ಲಕ್ಷ್ಮೀಕಟಾಕ್ಷ ಕಲ್ಯಾಣ ಮಂಟಪದ ಆಫೀಸು ಕೋಣೆಯಲ್ಲಿ, ಬಾಳೆಎಲೆ ಕಟ್ಟುಗಳ ಪಕ್ಕದಲ್ಲಿ. ಸ್ಕ್ರಿಪ್ಟ್ ಬರೆದು ನನ್ನನ್ನು ಹುಟ್ಟಿಸಿದವನು ಮಾಲೀಕ ರಂಗಸ್ವಾಮಯ್ಯನವರ ಅಳಿಯ ಹೇಮಂತ.

ಮೊದಲೆಲ್ಲ ಪುರೋಹಿತರು ತಲೆಯಾಡಿಸಿದರೆ ಸಾಕು, ಡೋಲಿನ ಕೆಂಪರಾಮಯ್ಯ ಗಟ್ಟಿಮೇಳ ಬಾರಿಸುತ್ತಿದ್ದರು. ಈಗ ಇಬ್ಬರ ನಡುವೆ ವಿಡಿಯೋದವರ ಸಾಲು. ಮದುವೆ ನೋಡುವುದು ಕ್ಯಾಮೆರಾ ಮಾತ್ರ. ಬಂದವರಿಗೆಲ್ಲ ಬರೀ ಪೃಷ್ಠದರ್ಶನ. ಅದಕ್ಕೇ ನಾನು. ಸಭಾಂಗಣದ ದೊಡ್ಡ ಪರದೆಯಲ್ಲಿ ಮುಹೂರ್ತಕ್ಕೆ ಉಳಿದ ಹೊತ್ತನ್ನು ಎಣಿಸುತ್ತಾ ಬಂದು, ಸೊನ್ನೆಯಾದಾಗ ಕೆಂಪಕ್ಷರದಲ್ಲಿ ‘ಗಟ್ಟಿಮೇಳ’ ಎಂದು ತೋರಿಸಿ ಮುಚ್ಚಿಕೊಳ್ಳುವುದು ನನ್ನ ಕೆಲಸ.

ನನ್ನನ್ನು ಎಬ್ಬಿಸಲು ಒಂದು ಸಾಲು ಟೈಪು ಮಾಡಬೇಕು. ಮೊದಲು ನನ್ನ ಹೆಸರು, ಪಕ್ಕದಲ್ಲಿ ಮುಹೂರ್ತದ ಸಮಯ. ಆ ಪಕ್ಕದ ಮಾತಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಮದುವೆಮನೆಯಲ್ಲಿ ಆರ್ಗ್ಯುಮೆಂಟಿಗೆ ಬರವೇ ಎನ್ನಬೇಡಿ. ನನಗೆ ಬೇಕಿದ್ದದ್ದು ಒಂದೇ, ಅದೂ ಜಗಳವಿಲ್ಲದ್ದು. ಮ್ಯಾನೇಜರ್ ಶಕುಂತಲಮ್ಮ ಅದನ್ನು ತಪ್ಪದೆ ಕೊಡುತ್ತಿದ್ದರು. ಕೊಡದಿದ್ದರೆ? ಪರೀಕ್ಷೆ ಮಾಡುವಾಗ ಹೇಮಂತ ನನ್ನ ಹೊಟ್ಟೆಯೊಳಗೆ ‘ಸಮಯ ಕೊಡದಿದ್ದರೆ ಹತ್ತು ನಿಮಿಷ’ ಎಂದು ಬರೆದಿದ್ದ. ತೆಗೆಯಲು ಮರೆತಿದ್ದ.

ಒಂದು ದಿನ ಶಕುಂತಲಮ್ಮ ರಜೆ. ರಂಗಸ್ವಾಮಯ್ಯನವರೇ ಬಂದು ನನ್ನ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕಾಫಿಗೆ ಹೋದರು. ಸಮಯ ಹೇಳಲಿಲ್ಲ. ‘ನನಗೆ ಗೊತ್ತಿಲ್ಲ’ ಎಂದು ನಾನು ನಿಲ್ಲಬೇಕಿತ್ತು. ಆದರೆ ಗೊತ್ತಿಲ್ಲದಿದ್ದರೂ ದಾರಿ ತೋರಿಸುವ ದೊಡ್ಡ ಮನುಷ್ಯನ ಹಾಗೆ ಗಂಭೀರವಾಗಿ ಹತ್ತು ನಿಮಿಷ ಎಣಿಸಿ, ಕೆಂಪಕ್ಷರ ತೋರಿಸಿ, ಮಾಯವಾದೆ.

ಕೆಂಪರಾಮಯ್ಯ ಬಾರಿಸಿದರು. ವಧೂವರರ ನಡುವೆ ಅಂತರಪಟವನ್ನು ಇನ್ನೂ ಹಿಡಿದೇ ಇದ್ದರು. ಪುರೋಹಿತರು ‘ಇನ್ನೂ ಇಲ್ಲ’ ಎಂದು ಕೂಗಿದ್ದು ಡೋಲಿನಲ್ಲಿ ಮುಳುಗಿತು. ಬಟ್ಟೆಯ ಮೇಲೆ ಅಕ್ಷತೆ ಸುರಿಯಿತು.

“ಅಲ್ಲ ಕಣೇ, ಮುಖಾನೇ ನೋಡಿಲ್ಲ, ಆಗ್ಲೇ ಮದ್ವೆ ಮುಗೀತಾ?” ಎಂದರು ವರನ ಸೋದರತ್ತೆ.

“ನೋಡಿದ್ರೆ ಮುಗೀತಿರ್ಲಿಲ್ಲ ಬಿಡಿ ಅತ್ತಿಗೆ” ಎಂದಿತು ಹಿಂದಿನ ಸಾಲು.

ಅಕ್ಷತೆ ಹಾಕಿದ ಕೈ ಊಟದೆಲೆಯನ್ನೇ ಹುಡುಕುತ್ತದೆ. ನಿಜವಾದ ಮುಹೂರ್ತ ಬಂದು ತಾಳಿ ಕಟ್ಟುವಾಗ ಸಭಾಂಗಣ ಅರ್ಧ ಖಾಲಿ. ವಧುವಿನ ತಂದೆ ಅಳುವುದೊಂದು ಬಾಕಿ.

“ಏನ್ ಕೆಂಪರಾಮಯ್ಯ, ಪಾಯಸದ ವಾಸನೆ ಬಂತಾ?” ಎಂದರು ರಂಗಸ್ವಾಮಯ್ಯ.

“ಪರದೆ ಮೇಲೆ ಬಂತು ಸ್ವಾಮಿ, ಬಾರಿಸ್ದೆ.”

ಎಲ್ಲರೂ ಪರದೆ ನೋಡಿದರು. ಅಲ್ಲಿ ವಧೂವರರ ಫೋಟೋ ನಗುತ್ತಿತ್ತು.

“ಮಿಷನ್ನು ಸುಳ್ಳು ಹೇಳುತ್ತೇನಯ್ಯ? ನಿಂಗೆ ವಯಸ್ಸಾಯ್ತು. ನಾಳೆಯಿಂದ ಬರ್ಬೇಡ.”

ಸಂಜೆ ಹೇಮಂತ ನನ್ನನ್ನು ಬಿಚ್ಚಿ ನೋಡಿದ. ಮುಖ ಸಣ್ಣದಾಯಿತು. ಹತ್ತು ನಿಮಿಷವನ್ನು ಅಳಿಸಿ ‘ಸಮಯ ಕೊಟ್ಟಿಲ್ಲ’ ಎಂಬ ಮಾತು ಸೇರಿಸಿದ. ಮಾವನಿಗೆ ಏನೂ ಹೇಳಲಿಲ್ಲ. ನನ್ನನ್ನು ತಿದ್ದಿದ; ನಡೆದದ್ದನ್ನು ತಿದ್ದಲಿಲ್ಲ. ಆಮೇಲೆ ನನಗೆ ಎರಡನೇ ಆರ್ಗ್ಯುಮೆಂಟನ್ನೂ ಕೊಟ್ಟ: ಹಳೆಯ ಮದುವೆ ವಿಡಿಯೋದಿಂದ ಕತ್ತರಿಸಿ ತೆಗೆದ ಡೋಲಿನ ಸದ್ದು. ಸೊನ್ನೆಯಾದರೆ ನಾನೇ ಬಾರಿಸುತ್ತೇನೆ. ಇನ್ನೊಬ್ಬರ ಕೆಲಸ ಕಳೆದವನಿಗೇ ಬಡ್ತಿ!

ಕೆಲವು ತಿಂಗಳ ಮೇಲೆ ಕೆಂಪರಾಮಯ್ಯ ಆಫೀಸಿಗೆ ಬಂದರು. ಮತ್ತೆ ಕರೆಯುತ್ತಾರೇನೋ ಎಂದು ಕೇಳಲು.

“ಈಗ ಕಂಪ್ಯೂಟರೇ ಬಾರ್ಸುತ್ತೆ ರಾಮಯ್ನೋರೆ” ಎಂದರು ಶಕುಂತಲಮ್ಮ, ತಲೆ ಎತ್ತದೆ. “ನಿಮ್ದೇ ಕೈ. ಹಳೇ ವಿಡಿಯೋದ್ದು.”

“ಹೌದಾ? ಒಂದ್ಸಲ ಕೇಳ್ಸಿ ತಾಯಿ.”

ನಾನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಯಜಮಾನ್ರು ಅಂದಿದ್ದು ಸರೀನೆ ಕಣಮ್ಮ” ಎಂದರು. “ನನ್ ಕೈಲಿ ಮೊದ್ಲಿಂದ್ಲೂ ಆತುರ ಇತ್ತು. ನಂಗೇ ಗೊತ್ತಾಗಿರ್ಲಿಲ್ಲ.”

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಈಗ ಹಳತಾದ ನನ್ನ ಕಂಪ್ಯೂಟರು ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ಜೊತೆ ಇದೆ. ಕೆಂಪರಾಮಯ್ಯನವರ ಕೈಯಲ್ಲಿ ಆತುರವಿರಲಿಲ್ಲ. ಅದನ್ನು ಹೇಳು ಎಂದು ಯಾರೂ ನನ್ನ ಹೆಸರಿನ ಪಕ್ಕ ಟೈಪು ಮಾಡಲೇ ಇಲ್ಲ.